ಸ್ವಲ್ಪ ಸರೀತೀರಾ, ಕಾರು ಕಾಣ್ತಿಲ್ಲ

ಮೋಟಾರು ಪ್ರದರ್ಶನದ ಅಷ್ಟೂ ದಿನ ಮುಂಬಯಿಯ ಪೇಪರು ಫೋಟೋಗ್ರಾಫರುಗಳೆಲ್ಲ ನನ್ನನ್ನು ಕಾರಿಗೆ ಇನ್ನೂ ಒತ್ತಿ ನಿಲ್ಲು, ಇನ್ನೂ ಬಗ್ಗು, ಇನ್ನೂ ನಗು ಎಂದು ಜೀವ ತಿನ್ನುತ್ತಿದ್ದರು. ಒಬ್ಬರೇ ಒಬ್ಬರು ಮಾತ್ರ ದೊಡ್ಡ ಮರದ ಕ್ಯಾಮೆರಾದ ಕರಿಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದು, “ಅಮ್ಮಣ್ಣಿ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಆಚೆ ಸರೀತೀರಾ? ಕಾರು ಕಾಣ್ತಿಲ್ಲ” ಎಂದರು.

ಸುಳ್ಳು ಯಾಕೆ ಹೇಳಲಿ, ನನಗೆ ಮೈಯೆಲ್ಲ ಉರಿಯಿತು. ಆಗ ನನಗೆ ಇಪ್ಪತ್ತರ ಆಸುಪಾಸು. ಬೆಳಿಗ್ಗೆಯಿಂದ ಸಂಜೆಯ ತನಕ ಜನ ನನ್ನನ್ನೇ ನೋಡಿ ನೋಡಿ, ನಾನೂ ನನ್ನನ್ನು ಏನೋ ಅಂದುಕೊಂಡುಬಿಟ್ಟಿದ್ದೆ. ಈ ಬೋಳುತಲೆಯ, ಕರಿಕೋಟಿನ ಮನುಷ್ಯ ನನ್ನನ್ನು ದಾರಿಗೆ ಅಡ್ಡ ನಿಲ್ಲಿಸಿದ ಸೈಕಲ್ಲಿನ ಹಾಗೆ ಸರಿಸುತ್ತಿದ್ದಾರಲ್ಲ! ಮುಖ ಊದಿಸಿಕೊಂಡು ಆಚೆ ಹೋಗಿ ನಿಂತೆ. “ಬಹಳ ಉಪಕಾರ” ಎಂದು ಅವರು ಕೈಮುಗಿದು ಮತ್ತೆ ಬಟ್ಟೆಯೊಳಗೆ ತಲೆ ತೂರಿಸಿದರು.

ಅವರು ಹೋದರಂತೆ. ಮೊನ್ನೆ ಮಾಟುಂಗಾ ಮಾರ್ಕೆಟ್ಟಿನಲ್ಲಿ ಬಸಳೆ ಸೊಪ್ಪು ಆರಿಸುತ್ತಿದ್ದಾಗ ನಮ್ಮ ಕಂಪನಿಯ ಹಳೆಯ ಡ್ರೈವರ್ ಸಿಕ್ಕಿ, “ಬಾಯಿ, ವೋ ಅಪನಾ ಕಾಲಾ ಕಪಡಾ ಗುಜರ್ ಗಯಾ” ಎಂದ. ಕಾಲಾ ಕಪಡಾ, ಅಂದರೆ ಕರಿಬಟ್ಟೆ. ಆಫೀಸಿನಲ್ಲಿ ಎಲ್ಲರೂ ಅವರನ್ನು ಹಾಗೆ ಕರೆಯುತ್ತಿದ್ದರು. ಅವರು ಮೈಸೂರಿನ ಕಡೆಯವರು, ಹಾಗಾಗಿ ನಾನು ರಾಯರೇ ಎನ್ನುತ್ತಿದ್ದೆ. ನಿಜವಾದ ಹೆಸರು ಬರೆಯುವುದಿಲ್ಲ. ತಾವು ತೆಗೆದ ಒಂದೇ ಒಂದು ಚಿತ್ರದ ಮೂಲೆಯಲ್ಲೂ ಹೆಸರು ಹಾಕಿಕೊಳ್ಳದವರು. ಈಗ ನಾನು ಹಾಕಿದರೆ ಬೇಜಾರು ಮಾಡಿಕೊಂಡಾರು. ಸೊಪ್ಪನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಅವತ್ತು ಅಡಿಗೆ ಮಾಡುವ ಮನಸ್ಸಾಗಲಿಲ್ಲ.

ನಾನು ಮುಂಬಯಿಯ ಫೋರ್ಟ್ ಪೇಟೆಯ ಒಂದು ಮೋಟಾರು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಐವತ್ತರ ದಶಕದ ನಡುವಿನ ಮಾತು. ಕಾರು ಮಾರುವ ಅಂಗಡಿ ಎನ್ನಿ, ನೆಲಕ್ಕೆ ಕಲ್ಲು ಹಾಸಿದ ದೊಡ್ಡ ಅಂಗಡಿ. ಆ ವರ್ಷ ಮೈದಾನದಲ್ಲಿ ಶಾಮಿಯಾನ ಹಾಕಿ ಮೋಟಾರು ಪ್ರದರ್ಶನ ನಡೆಸಿದರು. ಎಲ್ಲ ಕಂಪನಿಯವರೂ ತಮ್ಮ ತಮ್ಮ ಕಾರಿನ ಪಕ್ಕ ಒಬ್ಬೊಬ್ಬಳು ಹುಡುಗಿಯನ್ನು ನಿಲ್ಲಿಸುತ್ತಾರೆಂದು ನಮ್ಮ ಮ್ಯಾನೇಜರ್ ಸಾಹೇಬರಿಗೆ ಕೊನೇ ಗಳಿಗೆಯಲ್ಲಿ ತಿಳಿಯಿತು. ಹೊರಗಿನಿಂದ ಯಾರನ್ನು ಕರೆಸುವುದು? ಟೈಪಿಂಗ್ ರೂಮಿಗೆ ಬಂದು ಒಂದು ಸಲ ಕಣ್ಣಾಡಿಸಿದರು. ನಾನು ಉದ್ದಕ್ಕಿದ್ದೆ, ಹಲ್ಲು ನೆಟ್ಟಗಿತ್ತು. ಅಷ್ಟೇ ಅರ್ಹತೆ.

ನನಗೂ ಖುಷಿಯೇ ಆಯಿತು ಅನ್ನಿ. ಕಂಪನಿಯೇ ಒಂದು ನೀಲಿ ಸೀರೆ ಕೊಡಿಸಿತು, ಕಾರಿನ ಬಣ್ಣಕ್ಕೆ ಸರಿಹೊಂದುವಂಥದ್ದು. ಪಕ್ಕದ ಸ್ಟಾಲಿನ ಹುಡುಗಿ ಈ ಕೆಲಸದಲ್ಲಿ ಪಳಗಿದವಳು. ನಾಲಿಗೆಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ ಹಿಡಿದರೆ ನಗು ಬೇಗ ಸೋಲುವುದಿಲ್ಲ ಎಂದು ಹೇಳಿಕೊಟ್ಟಳು. ಮೊದಲ ದಿನವೇ ಗೊತ್ತಾಯಿತು, ನಗುವಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ. ಕಾಲು ಊದುತ್ತಿತ್ತು, ದವಡೆ ನೋಯುತ್ತಿತ್ತು, ಕೂರುವ ಹಾಗಿರಲಿಲ್ಲ.

ಆ ಪೇಪರಿನವರೋ! ಆಗೆಲ್ಲ ಫ್ಲ್ಯಾಶಿಗೆ ಒಂದು ಬಲ್ಬು ಒಂದೇ ಸಲ ಉರಿಯುವುದು. ಕೋಟಿನ ಜೇಬಿನಿಂದ ಬಲ್ಬು ತೆಗೆದು ಬುಡವನ್ನು ನಾಲಿಗೆಗೆ ತಾಗಿಸಿ ಸಿಕ್ಕಿಸುವುದು, ಫಟ್ಟೆಂದು ಹೊಡೆಯುವುದು, ಸುಟ್ಟ ಬಲ್ಬನ್ನು ಕಾರ್ಪೆಟ್ಟಿನ ಮೇಲೆ ಎಸೆಯುವುದು. “ಮೇಡಂ, ಇಧರ್! ಥೋಡಾ ಔರ್ ಝುಕೋ! ಸ್ಮೈಲ್!” ನಮ್ಮ ಕಾರಿನ ಹೊಸ ಇಂಜಿನ್ನು, ಹೊಸ ಗೇರು, ಅದರ ಸೀಟಿನ ಚರ್ಮ, ಯಾವುದರ ಮೇಲೂ ಯಾರೂ ಒಂದು ಬಲ್ಬು ಖರ್ಚು ಮಾಡಲಿಲ್ಲ. ಅವರನ್ನು ಬಯ್ದು ಏನು ಪ್ರಯೋಜನ, ಪಾಪ. ಕಾರಿನ ಫೋಟೋ ತೆಗೆದುಕೊಂಡು ಹೋದರೆ ಎಡಿಟರು ಮುಖಕ್ಕೆ ಎಸೆಯುತ್ತಿದ್ದರಂತೆ. ಅವರದೂ ಹೊಟ್ಟೆಪಾಡು.

ರಾಯರು ಆ ಗುಂಪಿನವರಲ್ಲ. ಅವರು ಕಂಪನಿಗಳ ಕ್ಯಾಟಲಾಗಿಗೆ ಕಾರಿನ ಚಿತ್ರ ತೆಗೆಯುವವರು. ನಮ್ಮ ಶೋರೂಮಿನ ಹಿಂದೆ ಒಂದು ಶೆಡ್ಡು ಇತ್ತು, ಅದರ ಮೂಲೆಯಲ್ಲಿ ಫೋಟೋ ತೊಳೆಯಲು ಒಂದು ಕತ್ತಲೆ ಕೋಣೆ. ತಿಂಗಳಲ್ಲಿ ಬಹುಪಾಲು ದಿನ ಅಲ್ಲೇ ಇರುತ್ತಿದ್ದರು. ಒಂದು ಕಾರಿನ ಚಿತ್ರಕ್ಕೆ ಇಡೀ ಬೆಳಗು ಬೇಕು ಅವರಿಗೆ. ಮೊದಲು ಕಾರಿನ ಸುತ್ತ ಸುಮ್ಮನೆ ನಡೆಯುವುದು. ಆಮೇಲೆ ಮೇಲಿಂದ ದೊಡ್ಡ ಬಿಳಿ ಬಟ್ಟೆ ಇಳಿಬಿಡುವುದು. ಆಮೇಲೆ ಕಡಲೆಹಿಟ್ಟು. ಹೌದು ಕಣ್ರೀ, ಕಡಲೆಹಿಟ್ಟು! ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಂಪರು, ದೀಪದ ಬಳೆ, ಎಲ್ಲೆಲ್ಲಿ ಹೊಳಪು ಕಣ್ಣಿಗೆ ಚುಚ್ಚುತ್ತದೋ ಅಲ್ಲೆಲ್ಲ ಮೆತ್ತಗೆ ತಟ್ಟುತ್ತಿದ್ದರು. “ಏನು ರಾಯರೇ, ಬಜ್ಜಿ ಕರೀತೀರಾ?” ಎಂದು ನಾನೊಮ್ಮೆ ರೇಗಿಸಿದೆ. “ಜಾಸ್ತಿ ಹೊಳೆದ್ರೆ ಮುಖ ಕಾಣೋಲ್ಲ ಅಮ್ಮಣ್ಣಿ” ಎಂದರು. ಅವರಿಗೆ ಪ್ರತಿ ಕಾರಿಗೂ ಒಂದು ಮುಖ ಇತ್ತು. ಇದು ಮುಂಗೋಪಿ, ಇದು ಸೋಮಾರಿ, ಇದಕ್ಕೆ ಸ್ವಲ್ಪ ಜಂಬ ಎಂದು ಪರಿಚಯ ಮಾಡಿಸುತ್ತಿದ್ದರು.

ಮನುಷ್ಯರ ಫೋಟೋ ಮಾತ್ರ ಸುತರಾಂ ತೆಗೆಯುತ್ತಿರಲಿಲ್ಲ. ಮ್ಯಾನೇಜರ್ ಸಾಹೇಬರು ಒಂದು ಸಲ ಕ್ಯಾಲೆಂಡರಿಗೆಂದು ಕಾರಿನ ಜೊತೆ ಹುಡುಗಿಯೂ ಬೇಕು ಎಂದರೆ, “ಬೇರೆಯವರನ್ನ ಕರೆಸಿ ಸಾರ್” ಎಂದು ಡಬ್ಬಿ ತೆಗೆದು ಮೊಸರನ್ನಕ್ಕೆ ಕೂತುಬಿಟ್ಟರು. ಯಾಕೆ ಎಂದು ಕೇಳಿದರೆ ಅವರ ಉತ್ತರ ಇದು: “ಕಾರು ನಿಂತ್ಕೋ ಅಂದ್ರೆ ನಿಲ್ಲುತ್ತೆ. ಆಮೇಲೆ ಬಂದು ‘ನಾನು ಹೇಗೆ ಬಂದಿದೀನಿ?’ ಅಂತ ಕೇಳೋಲ್ಲ. ಜನ ಕೇಳ್ತಾರೆ. ನಿಜ ಹೇಳಿದ್ರೆ ಅಳ್ತಾರೆ.” ಮಾತು ಕಡಿಮೆ. ಟ್ರಾಮಿನಲ್ಲಿ ಪಕ್ಕದವರು ಮಾತಾಡಿಸಿಯಾರೆಂದು ಹೆದರಿ ನಡೆದೇ ಹೋಗುವ ಜಾತಿ.

ದಹಿಸರಿನಲ್ಲಿ ಅವರ ಮನೆ. ಆಗ ದಹಿಸರ್ ಎಂದರೆ ಮುಂಬಯಿಯೇ ಅಲ್ಲ, ಹೊಲ, ಹೊಳೆ, ಎಮ್ಮೆ. ಅಲ್ಲಿನ ಹೊಳೆದಂಡೆಯ ಬೆಳಗಿನ ಬೆಳಕು ಒಳ್ಳೆಯದೆಂದು ಒಮ್ಮೊಮ್ಮೆ ಕಂಪನಿಯ ಕಾರನ್ನು ಅಲ್ಲಿಗೇ ತರಿಸಿಕೊಳ್ಳುತ್ತಿದ್ದರು. ನಮ್ಮ ಡ್ರೈವರ್ ಹೇಳುತ್ತಿದ್ದ, ಒಂದು ದಿನ ಎಮ್ಮೆಗಳು ಬಂದು ಕಾರಿನ ಎದುರು ನಿಂತವಂತೆ. ಇವನು ಕೋಲು ತೆಗೆದುಕೊಂಡು ಓಡಿದರೆ ರಾಯರು ತಡೆದು, ತಾವೇ ಹೋಗಿ, ಎಮ್ಮೆಗಳಿಗೂ ಕನ್ನಡದಲ್ಲಿ ಬಹುವಚನ ಹಚ್ಚಿ ಬಿನ್ನಹ ಮಾಡಿಕೊಂಡರಂತೆ. ಆ ಕತೆ ಕೇಳಿದ ದಿನವೇ ನನ್ನ ಪ್ರದರ್ಶನದ ಸಿಟ್ಟು ಇಳಿಯಿತು. ಎಮ್ಮೆಗೂ ನನಗೂ ಒಂದೇ ಮರ್ಯಾದೆ ಕೊಟ್ಟವರ ಮೇಲೆ ಎಂಥ ಸಿಟ್ಟು?

ಎಷ್ಟೋ ಕಾಲದ ಮೇಲೆ ಆ ಮನೆಗೆ ಊಟಕ್ಕೆ ಹೋಗಿದ್ದೆ. ಗಂಡನನ್ನು ಕಳೆದುಕೊಂಡ ಅಕ್ಕ ಅವರ ಜೊತೆಗಿದ್ದರು. ಗೋಡೆ ತುಂಬ ಕಾರಿನ ಚಿತ್ರ. “ಮನೆ ತುಂಬ ಮೋಟಾರು ನೋಡಮ್ಮ, ಹತ್ತೋಕೆ ಒಂದೂ ಇಲ್ಲ. ಸ್ಟೇಷನ್ನಿಂದ ಇವನ ಹಿಂದೆ ನಡ್ಕೊಂಡೇ ಬರ್ಬೇಕು” ಎಂದು ಅಕ್ಕ ನನ್ನ ಹತ್ತಿರ ದೂರು ಹೇಳಿದರು. ಅಡಿಗೆಮನೆಯ ಬಾಗಿಲ ಮೇಲೆ ಮಾತ್ರ ಒಂದು ಮನುಷ್ಯರ ಫೋಟೋ ಇತ್ತು. ಅಕ್ಕ ಈಳಿಗೆಮಣೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿರುವುದು, ತಲೆ ಎತ್ತಿ ನೋಡುತ್ತಿರುವುದು, ನಗದೆ. ನಾನು ಅದನ್ನೇ ನೋಡುತ್ತಿದ್ದಾಗ ರಾಯರು ಮೆಲ್ಲಗೆ, “ನಿಮ್ಮದು ಆದ್ಮೇಲೆ ಧೈರ್ಯ ಬಂತು” ಎಂದರು.

ನನ್ನದು ಎಂದರೆ ಏನು ಎಂದು ಈಗ ಹೇಳಬೇಕು.

ಪ್ರದರ್ಶನ ಮುಗಿದ ಮಾರನೆಯ ದಿನ, ಗುರುವಾರ, ಒಂದು ಇಂಗ್ಲಿಷ್ ಪೇಪರಿನಲ್ಲಿ ನನ್ನ ಫೋಟೋ ಬಂತು. ಕಾಲು ಪುಟದಷ್ಟು ದೊಡ್ಡದು. ಯಾರೋ ಏನೋ ತಮಾಷೆ ಮಾಡಿ ನಗಿಸಿದ ಗಳಿಗೆಯಲ್ಲಿ ಹೊಡೆದದ್ದು. ತಲೆ ಹಿಂದಕ್ಕೆ ಹಾಕಿ ಬಾಯಿ ತುಂಬ ನಗುತ್ತಿದ್ದೇನೆ, ಫ್ಯಾನಿನ ಗಾಳಿಗೆ ಸೆರಗು ಹಾರಿದೆ. ಕಾರಿನದು ಒಂದು ಮಡ್‌ಗಾರ್ಡು ಬಿಟ್ಟರೆ ಏನೂ ಇಲ್ಲ. ಕೆಳಗೆ ‘ಪ್ರದರ್ಶನದ ಚೆಲುವೆ’ ಎಂದು ಬರೆದಿದ್ದರು. ಯಾವ ಕಂಪನಿ, ಯಾವ ಕಾರು, ಸುದ್ದಿಯೇ ಇಲ್ಲ. ಮ್ಯಾನೇಜರ್ ಸಾಹೇಬರು ತಲೆ ಚಚ್ಚಿಕೊಂಡರು. ಅವರದು ಹೋಗಲಿ, ಅವರ ದುಃಖ ವ್ಯಾಪಾರದ್ದು.

ನನ್ನ ಅಪ್ಪಯ್ಯ ಫೋರ್ಟಿನಲ್ಲೇ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ನಮ್ಮ ಮನೆ ದೂರದ ಭಾಂಡುಪಿನ ಚಾಳಿನಲ್ಲಿ, ಅಂದರೆ ವಠಾರದಲ್ಲಿ. ಆದರೆ ಅವರು ವಾರವಿಡೀ ಹೋಟೆಲಿನ ಅಟ್ಟದ ಮೇಲೇ ಮಲಗಿ ಶನಿವಾರ ರಾತ್ರಿ ಮನೆಗೆ ಬರುವರು. ಭಾನುವಾರ ಫೋರ್ಟಿನ ಆಫೀಸುಗಳಿಗೆಲ್ಲ ರಜೆ, ಹೋಟೆಲಿಗೂ ರಜೆ. ಆ ಒಂದು ದಿನವೂ ಅರ್ಧ ನಿದ್ದೆಯಲ್ಲೇ ಕಳೆಯುವುದು. ಹೋಟೆಲಿನವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುರುವಾರ ಮಧ್ಯಾಹ್ನ ಯಾವನೋ ಗಿರಾಕಿ ಬಿಲ್ಲಿನ ಜೊತೆ ಆ ಪೇಪರನ್ನೂ ಗಲ್ಲಾದ ಮೇಲೆ ಇಟ್ಟು, “ಶೇಟ್‌ಜಿ, ಯೇ ಆಪ್‌ಕೀ ಲಡ್‌ಕೀ ಹೈ ನಾ?” ಎಂದು ಕಣ್ಣು ಹೊಡೆದನಂತೆ. ಒಳಗೆ ಸಪ್ಲೈಯರುಗಳು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದನ್ನು ಅಪ್ಪಯ್ಯ ತಮ್ಮ ಕೈಯಾರೆ ಕಿತ್ತರಂತೆ.

ಅವತ್ತು ಸಂಜೆ, ವಾರದ ನಡುವೆ, ಅಪ್ಪಯ್ಯ ಮನೆಗೆ ಬಂದರು. ಬಯ್ಯಲಿಲ್ಲ, ಹೊಡೆಯಲಿಲ್ಲ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು: “ಸೋಮವಾರದಿಂದ ಆಫೀಸಿಲ್ಲ. ಪುಣೆಯ ಹುಡುಗನ ಮಾವ ಭಾನುವಾರ ಬರ್ತಾರೆ. ಅವರ ಕೈಯಲ್ಲಿ ಕಳಿಸ್ಲಿಕ್ಕೆ ಒಂದು ಒಳ್ಳೆ ಫೋಟೋ ಬೇಕು. ಸ್ಟುಡಿಯೋಕ್ಕೆ ಹೋಗಿ ತೆಗೆಸು. ಕೈ ಮಡಚಿ ಕೂತ್ಕೋ. ಹಲ್ಲು ಕಾಣಿಸ್ಬೇಡ.” ಅಷ್ಟು ಹೇಳಿ ಮುಂದಿನ ಲೋಕಲ್ ರೈಲಿಗೆ ವಾಪಸು ಹೋದರು.

ಪುಣೆಯ ಹುಡುಗ ಯಾರೋ ಹೋಟೆಲಿನವರ ಮಗ, ಕೆಟ್ಟವನೇನೂ ಇರಲಿಕ್ಕಿಲ್ಲ. ಅವನ ಮೇಲೆ ನನಗೇನೂ ದ್ವೇಷವಿಲ್ಲ. ನನಗೆ ಕೆಲಸ ಬಿಡುವುದಿತ್ತಲ್ಲ, ಅದು ಆಗುತ್ತಿರಲಿಲ್ಲ. ಚಾಳಿನ ಒಂದು ಕೋಣೆಯಲ್ಲಿ ಅಮ್ಮ, ಅಜ್ಜಿ, ತಮ್ಮಂದಿರು, ನಾನು. ಸೀರೆ ನೇತುಹಾಕಲು ನನ್ನದೆಂದು ಒಂದು ಮೊಳೆಯೂ ಇರಲಿಲ್ಲ. ಆಫೀಸಿನಲ್ಲಿ ನನಗೊಂದು ಮೇಜಿತ್ತು. ಆ ಮೇಜಿಗೊಂದು ಡ್ರಾಯರ್, ಅದಕ್ಕೊಂದು ಬೀಗದ ಕೈ. ಒಳಗೆ ಏನಿತ್ತು ಮಹಾ? ಒಂದು ಬಾಚಣಿಗೆ, ಪೆಪ್ಪರ್‌ಮಿಂಟು. ಆದರೂ ಸಂಜೆ ಅದಕ್ಕೆ ಬೀಗ ಹಾಕಿ ಕೀಲಿಯನ್ನು ಪರ್ಸಿಗೆ ಸೇರಿಸುವಾಗ ನಾನೂ ಒಬ್ಬಳು ಮನುಷ್ಯಳು ಅನ್ನಿಸುತ್ತಿತ್ತು. ಅವತ್ತು ರಾತ್ರಿ ಅಳುತ್ತಲೇ ಮಲಗಿದೆ. ಶುಕ್ರವಾರ ಲೋಕಲ್ಲಿನಲ್ಲಿ ಕೂತಾಗ ಒಂದು ಉಪಾಯ ಹೊಳೆಯಿತು.

ಫೋಟೋ ಕೆಟ್ಟದಾಗಿ ಬಂದರೆ? ಪುಣೆಯವರು ನೋಡಿ, ಅಯ್ಯೋ ಬೇಡಪ್ಪ ಅಂದುಬಿಟ್ಟರೆ? ಒಬ್ಬರು ಬೇಡ ಅಂದರೆ ಇನ್ನೊಬ್ಬರು ಸಿಗುವ ತನಕ ನಾನು ಮನೆಯಲ್ಲಿ ದಂಡಕ್ಕೆ ಕೂರುವ ಬದಲು ಆಫೀಸಿಗಾದರೂ ಹೋಗಬಹುದು. ಸ್ಟುಡಿಯೋದವರು ಕೆಟ್ಟದಾಗಿ ತೆಗೆಯುವುದಿಲ್ಲ. ಬಣ್ಣ ಬಳಿದು, ಹೂವು ಮುಡಿಸಿ, ಗೂಬೆಯನ್ನೂ ಗಿಳಿ ಮಾಡುತ್ತಾರೆ. ಮನುಷ್ಯರ ಫೋಟೋ ತೆಗೆಯಲು ಬಾರದವರು ಒಬ್ಬರೇ ಇದ್ದರು.

ಶನಿವಾರ ಬೆಳಿಗ್ಗೆ ಬೇಗ ಹೋಗಿ ಶೆಡ್ಡಿನ ಬಾಗಿಲು ತಟ್ಟಿದೆ.

“ನಾನು ಮನುಷ್ಯರದ್ದು ತೆಗೆಯೋಲ್ಲ ಅಮ್ಮಣ್ಣಿ, ನಿಮಗೆ ಗೊತ್ತಲ್ಲ.”

“ಒಂದೇ ಒಂದು ರಾಯರೇ. ಹುಡುಗನ ಮನೆಗೆ ಕಳಿಸಬೇಕು, ನಾಳೆಯೇ.”

“ಕಣ್ಣು ಮಿಟುಕಿಸ್ತೀರಿ.”

“ಮಿಟುಕಿಸೋದಿಲ್ಲ. ಹೇಗೆ ಬಂದರೂ ನಡೀತದೆ, ನನ್ನದೇನೂ ತಕರಾರಿಲ್ಲ.”

ಆ ಮಾತು ಆಡಬಾರದಿತ್ತು. ಅವರ ಮುಖ ಕೆಂಪಾಯಿತು. “ಹೇಗೆ ಬಂದರೂ ಅಂದ್ರೆ ಏನರ್ಥ? ಹೇಗೆ ಬಂದ್ರೂ ಆಗುತ್ತೆ ಅನ್ನೋ ಕೆಲಸ ನಾನು ಇವತ್ತಿನವರೆಗೆ ಮಾಡಿಲ್ಲ. ಬನ್ನಿ ಒಳಗೆ” ಎಂದರು. ಡ್ರೈವರನ್ನು ಕರೆದು ಕಾರನ್ನು ಹೊರಗೆ ನಿಲ್ಲಿಸಲು ಹೇಳಿದರು. ಕಾರು ನಿಲ್ಲುವ ಜಾಗದಲ್ಲೇ, ನೆಲದ ಎಣ್ಣೆ ಕಲೆಗಳ ನಡುವೆ, ನನ್ನನ್ನು ನಿಲ್ಲಿಸಿದರು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅವರಿಗೆ ಗೊತ್ತಿದ್ದದ್ದು ಒಂದೇ ವಿಧಾನ. ಕೈ ಹಿಂದೆ ಕಟ್ಟಿಕೊಂಡು ನನ್ನ ಸುತ್ತ ನಡೆದರು. ದೂರ ಹೋಗಿ ನೋಡಿದರು. ಕೂತು ನೋಡಿದರು. ಮೇಲಿನ ಬಿಳಿ ಬಟ್ಟೆಯನ್ನು ಎಳೆದು ಇಳಿಸಿ ನೋಡಿದರು. “ಸ್ವಲ್ಪ ಎಡಕ್ಕೆ ತಿರುಗಿಸೋಣ” ಎಂದು ತಮಗೇ ಹೇಳಿಕೊಂಡು, ನಾನೇ ತಿರುಗಬಲ್ಲೆ ಎಂಬುದು ನೆನಪಾಗಿ ನಾಚಿಕೊಂಡರು. ಕೊನೆಗೆ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಕಡಲೆಹಿಟ್ಟಿನ ಗಂಟು ತೆಗೆದು ನನ್ನ ಮೂಗಿನ ತುದಿಗೆ, ಹಣೆಗೆ ಮೆತ್ತಗೆ ತಟ್ಟಿದರು!

“ರಾಯರೇ!”

“ಹೊಳೀತಿದೆ” ಎಂದರು, ಬಹಳ ಗಂಭೀರವಾಗಿ.

ನಗುವನ್ನು ಹೇಗೆ ತಡೆದುಕೊಂಡೆನೋ. ಆದರೆ ಒಂದು ವಿಷಯ ಹೇಳಲೇಬೇಕು. ಒಂದು ವಾರವಿಡೀ ಸಾವಿರ ಕಣ್ಣು ನನ್ನ ಮೇಲೆ ಓಡಾಡಿದ್ದವು. ಪ್ರತಿಯೊಂದು ಕಣ್ಣಿಗೂ ನಾನು ಸೆರಗು ಎಳೆದುಕೊಂಡಿದ್ದೆ. ಈ ಮನುಷ್ಯ ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನೋಡಿದರೂ ಒಂದು ಸಲವೂ ನನ್ನ ಕೈ ಸೆರಗಿಗೆ ಹೋಗಲಿಲ್ಲ. ನನಗೆ ಹಿತವಾಗಿತ್ತು. ಚಿಕ್ಕವಳಿದ್ದಾಗ ಜ್ವರ ಬಂದರೆ ಅಜ್ಜಿ ಹೀಗೆ ನೋಡುತ್ತಿದ್ದರು.

ನಗಿ ಎಂದು ಅವರು ಹೇಳಲಿಲ್ಲ. “ಸುಮ್ನೆ ನಿಂತಿರಿ” ಎಂದು ಬಟ್ಟೆಯೊಳಗೆ ಹೋದರು. ಅವರು ಒಳಗೆ ಎಷ್ಟು ಹೊತ್ತು ಇರುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ. ಮೊದಲು ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಪ್ರದರ್ಶನದ ನಗು ಹಿಡಿದು ನಿಂತೆ. ಅದು ಸೋತಿತು. ಆಮೇಲೆ, ಕೆಟ್ಟದಾಗಿ ಕಾಣಲೆಂದು ತುಟಿ ಸೊಟ್ಟ ಮಾಡಿದೆ. ಅದೂ ಸೋತಿತು. ಕಾಲು ಸೋತು, ಮುಖ ಸೋತು, ಯಾರಿಗಾಗಿಯೂ ಏನೂ ಮಾಡುವ ಶಕ್ತಿ ಇಲ್ಲದೆ ನಿಂತುಬಿಟ್ಟೆ. ಶೆಡ್ಡಿನ ಕಿಟಕಿಯಿಂದ ಟೈಪಿಂಗ್ ರೂಮಿನ ಬಾಗಿಲು ಕಾಣುತ್ತಿತ್ತು. ನಾಡಿದ್ದು ನನ್ನ ಮೇಜಿನಲ್ಲಿ ಯಾರು ಕೂರುತ್ತಾರೋ ಎಂದು ಯೋಚಿಸುತ್ತಿದ್ದೆ. ಆಗ “ಆಯ್ತು” ಎಂದರು.

ಮಧ್ಯಾಹ್ನಕ್ಕೆ ಆಫೀಸು ಮುಗಿಯುವ ಹೊತ್ತಿಗೆ ಪ್ರತಿ ತೆಗೆದು ಒಣಗಿಸಿ ಕೈಗಿಟ್ಟರು. ನೋಡಿದೆ. ಕೆಟ್ಟದಾಗಿರಲಿಲ್ಲ. ನನ್ನ ಮುಖವನ್ನು ಕನ್ನಡಿಯಲ್ಲೂ ನಾನು ಹಾಗೆ ಕಂಡಿರಲಿಲ್ಲ. ಅತ್ತು ಊದಿದ ಕಣ್ಣು, ಹಣೆಯ ಮೇಲೆ ಲೋಕಲ್ಲಿನ ಧೂಳಿಗೆ ಕೆದರಿದ ಕೂದಲು, ಎಲ್ಲ ಇತ್ತು. ಆದರೂ ಕಣ್ಣು ಕೀಳಲಾಗದ ಹಾಗಿತ್ತು. “ಹಾಳಾಯ್ತು ರಾಯರೇ, ಇದನ್ನ ನೋಡಿ ಯಾರು ಬೇಡ ಅಂತಾರೆ!” ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತು ಅಳತೊಡಗಿದೆ. ಎಲ್ಲವನ್ನೂ ಹೇಳಿದೆ. ಪೇಪರು, ಅಪ್ಪಯ್ಯ, ಪುಣೆ, ಸೋಮವಾರ, ನನ್ನ ಉಪಾಯ, ಎಲ್ಲ.

ಅವರಿಗೆ ಅವಮಾನವಾಗಬೇಕಿತ್ತು, ಅಲ್ಲವೇ? ಕೆಟ್ಟ ಫೋಟೋ ತೆಗೆಯುತ್ತೀರೆಂದು ನಿಮ್ಮ ಹತ್ತಿರ ಬಂದೆ ಎಂದರೆ! ಅವರು ಲೆನ್ಸು ಬಿಚ್ಚಿ ಒರೆಸತೊಡಗಿದರು.

“ಇನ್ನೊಂದು ತೆಗೀರಿ” ಎಂದೆ. “ಬೇಕೆಂದೇ ಹಾಳು ಮಾಡಿ ತೆಗೀರಿ. ನಿಮ್ಮ ಕಾಲಿಗೆ ಬೀಳ್ತೇನೆ.”

“ಅದು ನನಗೆ ಬರೋಲ್ಲ ತಾಯಿ” ಎಂದರು. ಕೋಟು ಹಾಕಿಕೊಂಡರು. “ನಿಮ್ಮ ತಂದೆಯವರ ಹೋಟೆಲು ಎಲ್ಲಿ? ಫೋಟೋ ಬೇಕು ಅಂದವರು ಅವರಲ್ವೇ? ಅವರ ಕೈಗೇ ಕೊಡಬೇಕು.”

ನಾನು ದಾರಿ ತೋರಿಸುತ್ತ ಮುಂದೆ ನಡೆದೆ. ಶನಿವಾರದ ಅರ್ಧ ದಿನ, ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಲ್ಲಾದ ಹಿಂದೆಯೇ ಫ್ಯಾಮಿಲಿ ರೂಮು, ಅರ್ಧ ಪರದೆ ಕಟ್ಟಿದ್ದು. ರಾಯರು ನನ್ನನ್ನು ಅದರೊಳಗೆ ಕೂರಿಸಿ ತಾವು ಗಲ್ಲಾದ ಮುಂದೆ ಹೋಗಿ ನಿಂತರು. ಟ್ರಾಮು ಹತ್ತಲು ಹೆದರುವ ಮನುಷ್ಯ! ಪರದೆಯ ಅಂಚಿನಿಂದ ನನಗೆ ಗಲ್ಲಾ ಕಾಣುತ್ತಿತ್ತು. ಎರಡೂ ಕೈಯಲ್ಲಿ ಫೋಟೋ ಹಿಡಿದು ಅಪ್ಪಯ್ಯನ ಮುಂದಿಟ್ಟರು.

ಅಪ್ಪಯ್ಯ ನೋಡಿದರು. ಬಿಲ್ಲು ಕೊಡಲು ನಿಂತವರ ಸಾಲು ಬೆಳೆಯಿತು. ಅವರು ನೋಡುತ್ತಲೇ ಇದ್ದರು.

“ಎಂತ ಇದು?” ಎಂದರು ಕೊನೆಗೆ. “ಇವಳು ಯಾಕೆ ನಗ್ಲಿಲ್ಲ?”

“ನಗಿ ಅಂತ ನಾನು ಹೇಳ್ಲಿಲ್ಲ ಸ್ವಾಮಿ.”

“ಹೇಳ್ಬೇಕಿತ್ತು ಮಾರಾಯ್ರೆ. ಸ್ವಲ್ಪವಾದ್ರೂ ಗೆಲುವು ಬೇಡ್ವಾ? ಹುಡುಗನ ಕಡೆಯವರಿಗೆ ಕಳಿಸುವ ಫೋಟೋ.”

“ಪೇಪರಿನವರು ನಗಿ ಅಂದ್ರು, ಇವರು ನಕ್ಕರು. ಅದು ನಿಮಗೆ ಸರಿಬರಲಿಲ್ಲವಂತೆ.”

ಪರದೆಯ ಹಿಂದೆ ನಾನು ಎದ್ದು ನಿಂತೆ. ಅಪ್ಪಯ್ಯನಿಗೆ ಹಾಗೆ ಎದುರು ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಬಯ್ಯುತ್ತಾರೆ, ಈಗ ಎದ್ದು ಬಯ್ಯುತ್ತಾರೆ ಎಂದು ಕಾದೆ.

“ಹುಷಾರಿಲ್ವಾ ಇವಳಿಗೆ? ಕಣ್ಣು ಎಂತ ಹೀಗೆ?” ಎಂದು ಕೇಳಿದರು ಅಪ್ಪಯ್ಯ. ಸ್ವರ ಬೇರೆಯಾಗಿತ್ತು.

“ನನಗೆ ಗೊತ್ತಿಲ್ಲ. ನಾನು ಕಾರಿನ ಫೋಟೋ ತೆಗೆಯೋನು. ಸುಮ್ನೆ ನಿಲ್ಲಿಸಿದೆ, ಹೊತ್ತು ಕಳೀತು, ಈ ಮುಖ ಬಂತು. ಮನೇಲಿ ಹೇಗಿರ್ತಾರೋ ನೀವೇ ಹೇಳ್ಬೇಕು ಸ್ವಾಮಿ, ದಿನಾ ನೋಡೋರು ನೀವು.”

ದಿನಾ ನೋಡುವವರು! ರಾಯರಿಗೆ ನಮ್ಮ ಮನೆಯ ಕತೆ ಗೊತ್ತಿರಲಿಲ್ಲ. ಅಪ್ಪಯ್ಯ ವಾರಕ್ಕೊಮ್ಮೆ ಬರುವರೆಂದು ನಾನು ಹೇಳಿರಲಿಲ್ಲ. ಅವರು ಚುಚ್ಚಲು ಆಡಿದ ಮಾತಲ್ಲ, ಎಲ್ಲ ಅಪ್ಪಂದಿರೂ ಹಾಗೆಂದು ತಿಳಿದು ಆಡಿದ್ದು. ಅಪ್ಪಯ್ಯ ಇನ್ನೊಂದು ಸಲ ಫೋಟೋ ನೋಡಿದರು. ಸಾಲಿನಲ್ಲಿದ್ದವನೊಬ್ಬ “ಕ್ಯಾ ಶೇಟ್‌ಜಿ, ಜಲ್ದೀ ಕರೋ” ಎಂದಾಗ ತಲೆಯನ್ನೂ ಎತ್ತದೆ, ಫೋಟೋವನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. “ಕಾಫಿ ಕುಡೀರಿ” ಎಂದು ರಾಯರಿಗೆ ಹೇಳಿದರು. ರಾಯರು ಕುಡಿಯದೆ ಓಡಿಬಂದುಬಿಟ್ಟರು.

ಭಾನುವಾರ ಪುಣೆಯ ಹುಡುಗನ ಮಾವ ನಮ್ಮ ಚಾಳಿಗೆ ಬಂದರು. ಅಮ್ಮ ಅವಲಕ್ಕಿ ಕೊಟ್ಟರು, ಊರಿನ ಸುದ್ದಿಯೆಲ್ಲ ಆಯಿತು. ಏಳುವಾಗ ಅವರು ಫೋಟೋ ಕೇಳಿದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಪ್ಪಯ್ಯನ ಜೇಬಿನಲ್ಲಿ ಅದು ಇದ್ದದ್ದು ನನಗೆ ಗೊತ್ತಿತ್ತು, ಅದರ ಮೂಲೆ ಹೊರಗೆ ಕಾಣುತ್ತಿತ್ತು.

“ತೆಗೆಸಿದ್ದೆವು” ಎಂದರು ಅಪ್ಪಯ್ಯ. “ಚೆಂದ ಬರ್ಲಿಲ್ಲ. ಈಗ ಕಳಿಸುವುದಿಲ್ಲ. ಮುಂದೆ ನೋಡುವ.”

ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು. ಮುಖ ನೋಡಿದರು. ಎಷ್ಟೋ ಹೊತ್ತು ನೋಡಿದರು. “ನಾಳೆ ನಿನ್ನ ಲೋಕಲ್ ಎಷ್ಟು ಗಂಟೆಗೆ?” ಎಂದು ಕೇಳಿದರು.

ಸೋಮವಾರ ನಸುಕಿಗೇ ಹೋಟೆಲಿಗೆ ಹೊರಡುವುದು ಬಿಟ್ಟು, ಭಾಂಡುಪ್ ಸ್ಟೇಷನ್ನಿನ ತನಕ ಅಪ್ಪಯ್ಯ ನನ್ನ ಜೊತೆ ನಡೆದು ಬಂದರು. ನಾನು ಆಫೀಸಿಗೆ ಹೋದವಳೇ ನನ್ನ ಮೇಜಿನ ಹತ್ತಿರವೂ ಸುಳಿಯದೆ ಶೆಡ್ಡಿಗೆ ಓಡಿದೆ. ರಾಯರು ಕಾರಿನ ಮುಂದೆ ಕೂತಿದ್ದವರು ನನ್ನನ್ನು ನೋಡಿ ಎದ್ದು ನಿಂತರು.

“ಏನಂದ್ರು ನಿಮ್ಮ ತಂದೆ?”

“ಫೋಟೋ ಚೆಂದ ಬರಲಿಲ್ಲ ಅಂದ್ರು” ಎಂದೆ.

ಅವರ ಮುಖ ಇಳಿದುಹೋಯಿತು. “ಚೆಂದ ಬರಲಿಲ್ವೇ?” ಎಂದು ಮತ್ತೆ ಮತ್ತೆ ಕೇಳಿದರು. “ಎಲ್ಲಿ? ಬೆಳಕು ಹೆಚ್ಚಾಯ್ತೇ?” ಹುಡುಗಾಟ ಸಾಕೆಂದು ನಾನು ಗಡಿಬಿಡಿಯಿಂದ ಮಿಕ್ಕದ್ದನ್ನೆಲ್ಲ ಹೇಳಿದೆ. ಅಪ್ಪಯ್ಯ ಯಾರಿಗೆ ಹಾಗೆ ಹೇಳಿದರು, ಯಾಕೆ ಹೇಳಿದರು, ಫೋಟೋ ಈಗಲೂ ಯಾರ ಜೇಬಿನಲ್ಲಿದೆ, ಎಲ್ಲ.

ರಾಯರು ಕನ್ನಡಕ ತೆಗೆದರು. ಕರಿಬಟ್ಟೆಯ ಅಂಚಿನಿಂದಲೇ ಕಣ್ಣು ಒರೆಸಿಕೊಂಡರು. ಜನ್ಮದಲ್ಲಿ ಒಂದೂ ಕೆಟ್ಟ ಚಿತ್ರ ತೆಗೆದವರಲ್ಲ ಅವರು.

“ಹಾಗಾದ್ರೆ ಸರಿ ಅಮ್ಮಣ್ಣಿ” ಎಂದರು. “ಯಾರಾದ್ರೂ ಕೇಳಿದ್ರೆ ಚೆಂದ ಬರಲಿಲ್ಲ ಅಂತಲೇ ಹೇಳಿ. ಆ ಒಂದು ಮಾತು ನನ್ನ ಮೇಲಿರಲಿ.”